ಹಳೆಯ ಜೋಡುನಳಿಗೆ ಕೋವಿಗೆ ಬೆಲೆ ಕಟ್ಟುವ ಬಗೆ

ಕೊಡಗು ಹಾಗೂ ಮಲೆನಾಡಿನ ಅನೇಕ ಮನೆಗಳಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇರುತ್ತದೆ. ಮನೆ ಪಾಲಾಗುವಾಗ ಗದ್ದೆ, ತೋಟಗಳಿಗೆ ಬೆಲೆ ಕಟ್ಟುವಷ್ಟು ಸುಲಭವಾಗಿ ಇದಕ್ಕೆ ಕಟ್ಟಲು ಬರುವುದಿಲ್ಲ. 'ವಿಲಾಯತಿ ಮಾಲು, ಲಕ್ಷ ಬಾಳುತ್ತದೆ' ಎಂದು ಒಬ್ಬರು, 'ತುಕ್ಕು ಹಿಡಿದ ಕಬ್ಬಿಣ' ಎಂದು ಇನ್ನೊಬ್ಬರು ಹೇಳಿದರೆ ಇಬ್ಬರನ್ನೂ ನಂಬಬೇಡಿ.

ಮೊದಲು ಕೋವಿಯನ್ನು ಮಡಚಿ ತೆರೆದು, ಎರಡು ನಳಿಗೆಗಳಲ್ಲೂ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಅನಂತರ ನಳಿಗೆಗಳ ಕೆಳಗಿನ ಮರದ ತುಂಡನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿರಿ. ಅವುಗಳ ಬುಡದ ಅಡಿಭಾಗದಲ್ಲಿ ಸಣ್ಣ ಮುದ್ರೆಗಳಿರುತ್ತವೆ. ಕೋವಿಯ ಜಾತಕ ಇರುವುದು ಇಲ್ಲೇ. ನಳಿಗೆಯನ್ನು ಹೆಚ್ಚಿನ ಒತ್ತಡದಲ್ಲಿ ಹಾರಿಸಿ ಪರೀಕ್ಷಿಸಿದ್ದಕ್ಕೆ ಇವು ಗುರುತು. ಇಂಗ್ಲೆಂಡಿನ ಕೋವಿಗಳಿಗೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದ ಮುದ್ರೆ ಬಿದ್ದಿರುತ್ತದೆ. ಕಿರೀಟದ ಕೆಳಗೆ 'ಎನ್.ಪಿ.' ಎಂದಿದ್ದರೆ ಅದು ಹೊಗೆರಹಿತ ಮದ್ದಿನಿಂದ ಪರೀಕ್ಷೆಯಾದದ್ದು.

ನಳಿಗೆಯ ಮೇಲೆ ಹಾವಿನ ಪೊರೆಯಂತಹ ಸುರುಳಿ ಗೆರೆಗಳು ಕಂಡರೆ ಎಚ್ಚರ. ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆ. ಇಂಥವು ಬಹುಪಾಲು ಕರಿಮದ್ದಿಗಾಗಿಯೇ ಮಾಡಿದವು. ಈಗಿನ ತೋಟಾ ಹಾಕಿದರೆ ನಳಿಗೆ ಸಿಡಿದು ಎಡಗೈಯೇ ಹೋದೀತು. ಹಳೆಯ ವಸ್ತುವೆಂದು ಅದಕ್ಕೆ ಬೆಲೆ ಬರಬಹುದು, ಹಾರಿಸುವ ಕೋವಿಯೆಂದಲ್ಲ. ಉಕ್ಕಿನ ನಳಿಗೆಯಾದರೂ ತೋಟಾ ಕೂರುವ ಕೋಣೆ 65 ಮಿ.ಮೀ. ಇದೆಯೋ 70 ಮಿ.ಮೀ. ಇದೆಯೋ ನೋಡಿಸಿ. ಗಿಡ್ಡ ಕೋಣೆಯಲ್ಲಿ ಉದ್ದದ ತೋಟಾ ಕೂರುತ್ತದೆ, ಆದರೆ ಹಾರಿಸಿದಾಗ ಅದರ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ನಳಿಗೆಗಳನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಕುಳಿ, ತಗ್ಗು ಇವೆಯೇ ಪರೀಕ್ಷಿಸಿ. ದಾರದಲ್ಲಿ ತೂಗಹಾಕಿ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಗಂಟೆಯ ನಾದ ಬರಬೇಕು. ಒಡಕು ಮಡಕೆಯ ಸದ್ದು ಬಂದರೆ ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರುವ ಸಂಭವವುಂಟು. ಮತ್ತೆ ಜೋಡಿಸಿ ಅಲುಗಾಡಿಸಿದಾಗ ಸಂದಿಯಲ್ಲಿ ಸಡಿಲವಿರಕೂಡದು. ತುದಿ ಕತ್ತರಿಸಿದ ನಳಿಗೆಗೆ ಬೆಲೆ ಕಡಿಮೆ. ಮಾರುವ ಮುನ್ನ ಮರಳು ಕಾಗದದಿಂದ ಉಜ್ಜಿ ಹೊಳಪು ಕೊಡುವವರಿದ್ದಾರೆ. ಕೆತ್ತನೆ, ಮುದ್ರೆ ಎರಡೂ ಅಳಿಸಿ, ಬೆಲೆಯೂ ಅದರೊಂದಿಗೆ ಹೋಗುತ್ತದೆ!

ಕೋವಿ ಎಷ್ಟೇ ಒಳ್ಳೆಯದಿದ್ದರೂ ಕೊಳ್ಳುವವರು ಕೆಲವರೇ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳು ಮೂರರಿಂದ ಎರಡಕ್ಕೆ ಇಳಿದಿವೆ. ಪರವಾನಗಿಯಾಗಲಿ, ಕೊಡಗಿನ ವಿನಾಯಿತಿಯಾಗಲಿ ಇಲ್ಲದವರಿಗೆ ಮಾರುವುದು ಅಪರಾಧ. ಇದ್ದವರಿಗೆ ಮಾರುವುದಾದರೂ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯತಕ್ಕದ್ದು. ಅಲ್ಲಿಯವರೆಗೆ ಕೋವಿಯನ್ನು ಕೈಬಿಡಬೇಡಿ.