'ಆಬ್ಜೆಕ್ಟಿವ್' ಎಂದರೆ ವೈದ್ಯರಿಗೆ ಒಂದು, ಲ್ಯಾಬಿನವರಿಗೆ ಇನ್ನೊಂದೇ?

ವೈದ್ಯಕೀಯದಲ್ಲಿ ಆಬ್ಜೆಕ್ಟಿವ್ ಎಂದರೆ ವಸ್ತುನಿಷ್ಠ: ರೋಗಿಯ ಹೇಳಿಕೆಯನ್ನು ನೆಚ್ಚದೆ, ಪರೀಕ್ಷಿಸುವವರೇ ನೋಡಿ, ಮುಟ್ಟಿ, ಅಳೆದು ತಿಳಿಯಬಹುದಾದದ್ದು. "ಮೈಯೆಲ್ಲ ನಡುಗುತ್ತೆ, ಬಾಯಿ ಕಹಿ" ಎಂಬುದು ರೋಗಿಯ ಅನುಭವ. ಥರ್ಮಾಮೀಟರಿನ 102 ಡಿಗ್ರಿ ಫ್ಯಾರನ್‌ಹೀಟ್, ಎಡಪಕ್ಕೆಯ ಕೆಳಗೆ ಬೆರಳಿಗೆ ಸಿಗುವ ಊದಿದ ಗುಲ್ಮ, ಇವು ವಸ್ತುನಿಷ್ಠ ಚಿಹ್ನೆಗಳು. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1960ರ ದಶಕದಲ್ಲಿ ರೂಪಿಸಿದ ದಾಖಲೆ ಪದ್ಧತಿಯಲ್ಲಿ ಅನುಭವ, ಚಿಹ್ನೆ ಎರಡನ್ನೂ ಬೇರೆಬೇರೆಯಾಗಿ ಬರೆಯಬೇಕು. ಹಾಗೆಂದು ಅನುಭವವನ್ನು ಕಡೆಗಣಿಸುವಂತಿಲ್ಲ. ನೋವನ್ನು ನೇರವಾಗಿ ಅಳೆಯುವ ಉಪಕರಣವಿಲ್ಲ. ಸೊನ್ನೆಯಿಂದ 10ರೊಳಗೆ ಎಷ್ಟೆಂದು ರೋಗಿಯನ್ನೇ ಕೇಳಬೇಕು. ಅತ್ತ, ಒಂದೇ ಎಕ್ಸ್‌ರೇಯನ್ನು ಇಬ್ಬರು ತಜ್ಞರು ಎರಡು ಬಗೆಯಾಗಿ ಓದುವುದೂ ಉಂಟು. ಔಷಧ ಪ್ರಯೋಗಗಳಲ್ಲಿ ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಗುಳಿಗೆ ಎಂಬುದನ್ನು ಎಷ್ಟೋ ಬಾರಿ ವೈದ್ಯರಿಂದಲೂ ಮುಚ್ಚಿಡುವುದು ನೋಡುವವರ ಒಲವುಗಳನ್ನು ತಡೆಯಲೆಂದೇ.

ಲ್ಯಾಬಿನವರ ಬಾಯಲ್ಲಿ ಆಬ್ಜೆಕ್ಟಿವ್ ಒಂದು ವಸ್ತು: ಸೂಕ್ಷ್ಮದರ್ಶಕದಲ್ಲಿ ಸ್ಲೈಡಿಗೆ ಹತ್ತಿರವಿರುವ ಮಸೂರ. ಸಾಮಾನ್ಯವಾಗಿ 4, 10, 40, 100 ಪಟ್ಟು ಹಿಗ್ಗಿಸುವ ನಾಲ್ಕು ಮಸೂರಗಳು ತಿರುಗುವ ಬಿಲ್ಲೆಯಲ್ಲಿರುತ್ತವೆ. ಮೇಲೆ ಹೇಳಿದ ಜ್ವರ ಮಲೇರಿಯಾವೇ ಎಂದು ನೋಡಲು, ಬಣ್ಣ ಹಾಕಿದ ರಕ್ತಲೇಪನದ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು 100 ಪಟ್ಟಿನ ಮಸೂರವನ್ನು ಅದಕ್ಕೆ ತಾಗಿಸುತ್ತಾರೆ. 10 ಪಟ್ಟಿನ ಕಣ್ಣಮಸೂರವೂ ಸೇರಿ ಒಟ್ಟು 1000 ಪಟ್ಟು. ಎಣ್ಣೆಯಿಲ್ಲದಿದ್ದರೆ ಗಾಜಿನಿಂದ ಗಾಳಿಗೆ ದಾಟುವ ಬೆಳಕು ಬಾಗಿ ಹೊರಗೇ ಉಳಿದು, ಕೆಂಪುಕಣದೊಳಗಿನ ಪರೋಪಜೀವಿ ಮಸುಕಾಗುತ್ತದೆ. ದೂರದರ್ಶಕದಲ್ಲೂ ಆಕಾಶದ ಕಡೆಗಿನ ಮಸೂರಕ್ಕೆ ಇದೇ ಹೆಸರು.

ಸಂಶೋಧನಾ ಪ್ರಬಂಧದ ಆರಂಭದಲ್ಲಿ ಕಾಣುವ ಆಬ್ಜೆಕ್ಟಿವ್ ಮಾತ್ರ ಬರೀ 'ಉದ್ದೇಶ'.