ದೊಡ್ಡ ಹಾದಿಗೆ ಹಣ: ಯಾವುದು ಮೊದಲು, ಏಕೆ?

ನಮ್ಮ ವಾಚನಾಲಯದ ಮೇಜಿನ ಸುತ್ತ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದುಂಟು: “ಸಮುದ್ರದ ಬದಿಯ ರಸ್ತೆಗೆ ಸಾವಿರಾರು ಕೋಟಿ ಸಿಕ್ಕಿತು, ನಾವು ದಿನವೂ ಹತ್ತಿಳಿಯುವ ಸೇತುವೆಗೆ ಏಕೆ ಇಷ್ಟು ತಡ?” ಕೋಪದ ಪ್ರಶ್ನೆಯಾದರೂ ಉತ್ತರ ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ಮುಂಬಯಿಯ ಸಾರಿಗೆಗೆ ಒಂದೇ ಬೊಕ್ಕಸವಿಲ್ಲ. ರಸ್ತೆಗಳು ಬಹುಮಟ್ಟಿಗೆ ಮಹಾನಗರಪಾಲಿಕೆಯವು. ಬೆಸ್ಟ್ ಬಸ್ಸು 1947ರಿಂದ ಪಾಲಿಕೆಯದೇ ಸಂಸ್ಥೆ. ಮೆಟ್ರೋ ಮಾರ್ಗಗಳಲ್ಲಿ ಹೆಚ್ಚಿನವು 1975ರಲ್ಲಿ ಸ್ಥಾಪಿತವಾದ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿವೆ. ಲೋಕಲ್ ಗಾಡಿ ರೈಲ್ವೆಯದು. ಅದರ ದೊಡ್ಡ ಸುಧಾರಣೆಗೆಂದು 1999ರಲ್ಲಿ ಬೇರೊಂದು ನಿಗಮವಾಯಿತು. ಅದರಲ್ಲಿ ರೈಲ್ವೆಯ ಪಾಲು ನೂರಕ್ಕೆ 51, ರಾಜ್ಯದ್ದು 49.

ಯಾವ ಕೆಲಸದ ಒಡೆತನವೂ ಹಣವೂ ಒಂದೇ ಕೈಯಲ್ಲಿವೆಯೋ ಅದು ಬೇಗ ಮುಂದೆ ಬರುತ್ತದೆ. ಕರಾವಳಿ ರಸ್ತೆ ಹಾಗೆ ಬಂದುದು. ಮರೀನ್ ಡ್ರೈವಿನಿಂದ ವರ್ಲಿಯ ತನಕ ಸುಮಾರು ಹತ್ತೂವರೆ ಕಿಲೋಮೀಟರಿಗೆ ಪಾಲಿಕೆಯೇ 13 ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ಒದಗಿಸಿತು. 2018ರಲ್ಲಿ ಕೆಲಸ ಹಿಡಿದು, 2024ರ ಮಾರ್ಚಿಯಲ್ಲಿ ಮೊದಲ ಭಾಗ ತೆರೆಯಿತು.

ಒಡೆಯರು ಹಲವರಾದರೆ ಕೆಲಸವಾಗದೆಂದಲ್ಲ. ನಾವು ಊರಿಗೆ ಹೋಗುವ ಕೊಂಕಣ ರೈಲನ್ನು ನೆನೆಯಿರಿ. ಕೇಂದ್ರಕ್ಕೆ ನೂರಕ್ಕೆ 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವೆ ಮತ್ತು ಕೇರಳಗಳಿಗೆ ತಲಾ 6 ಎಂದು ಪಾಲು ಗೊತ್ತುಮಾಡಿದ್ದರು. 1990ರಲ್ಲಿ ಆರಂಭವಾದ ಆ ದುರ್ಗಮ ದಾರಿ 1998ರಲ್ಲಿ ಪೂರ್ತಿ ತೆರೆಯಿತು.

ಪಾಲೂ ಹೊಣೆಯೂ ನಿಶ್ಚಯವಾಗದಿದ್ದರೆ ಏನಾಗುತ್ತದೆಂಬುದಕ್ಕೆ ಅಂಧೇರಿಯ ಗೋಖಲೆ ಸೇತುವೆ ಸಾಕ್ಷಿ. 2018ರ ಜುಲೈಯಲ್ಲಿ ಅದರ ಕಾಲುದಾರಿ ಹಳಿಗಳ ಮೇಲೆ ಕುಸಿದಾಗ ಪಾಲಿಕೆಯೂ ರೈಲ್ವೆಯೂ ಒಬ್ಬರತ್ತ ಒಬ್ಬರು ಕೈ ತೋರಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ಬಡವಾದವರು ದಾರಿಹೋಕರು. 2022ರಲ್ಲಿ ಮುಚ್ಚಿದ ಸೇತುವೆಯ ಒಂದು ಮಗ್ಗುಲು 2024ರ ಫೆಬ್ರವರಿಯಲ್ಲಿ ತೆರೆದರೆ, ಪಕ್ಕದ ಮೇಲ್ಸೇತುವೆಗೂ ಅದಕ್ಕೂ ಎತ್ತರವೇ ಹೊಂದಲಿಲ್ಲ! ಪೂರ್ತಿ ತೆರೆದುದು 2025ರಲ್ಲಿ.

ಮಂಜೂರಾತಿ ಸಿಕ್ಕಿತೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. ಎಲ್ಫಿನ್‌ಸ್ಟನ್ ರೋಡಿನಲ್ಲಿ ಹೊಸ ಪಾದಚಾರಿ ಸೇತುವೆ ಕಾಗದದಲ್ಲಿ ಮಂಜೂರಾಗಿತ್ತು. ಕೆಲಸ ಮಾತ್ರ ಹಿಡಿದಿರಲಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಹಳೆಯ ಇಕ್ಕಟ್ಟಿನ ಸೇತುವೆಯ ನೂಕುನುಗ್ಗಲಿನಲ್ಲಿ 23 ಮಂದಿ ಸತ್ತರು. ನಮ್ಮಂತೆಯೇ ಕೆಲಸಕ್ಕೆ ಹೊರಟ ಜನ. ಆಮೇಲೆ ಸೈನ್ಯದವರು ಕಟ್ಟಿದ ಸೇತುವೆ ಐದೇ ತಿಂಗಳಲ್ಲಿ ತೆರೆಯಿತು. ತಡಕ್ಕೆ ಕಾರಣ ಹಣದ ಕೊರತೆ ಒಂದೇ ಅಲ್ಲವೆಂಬುದಕ್ಕೆ ಬೇರೆ ಪುರಾವೆ ಬೇಕೆ?

ಹಾಗಾದರೆ ನಾವು ಮಾಡಬೇಕಾದುದೇನು? ಪಾಲಿಕೆಯ ಆಯುಕ್ತರು ಫೆಬ್ರವರಿಯ ಸುಮಾರಿಗೆ ಮುಂಗಡಪತ್ರವನ್ನು ಸ್ಥಾಯೀ ಸಮಿತಿಯ ಮುಂದಿಡುವುದೂ ಅನಂತರ ಅದು 227 ವಾರ್ಡುಗಳ ನಗರಸೇವಕರ ಸಭೆಗೆ ಹೋಗುವುದೂ ಕ್ರಮ. 2022ರ ಮಾರ್ಚಿಯಲ್ಲಿ ಆ ಸಭೆಯ ಅವಧಿ ಮುಗಿದು ಚುನಾವಣೆ ನಡೆಯದೆ, 2023, 2024 ಮತ್ತು 2025ರ ಮುಂಗಡಪತ್ರಗಳಿಗೆ ಆಯುಕ್ತರೇ ಆಡಳಿತಾಧಿಕಾರಿಯಾಗಿ ಒಪ್ಪಿಗೆ ಕೊಟ್ಟರು. ಬೇಡುವವರೂ ಕೊಡುವವರೂ ಒಬ್ಬರೇ ಆದಾಗ ಪ್ರಶ್ನೆ ಕೇಳುವವರು ಯಾರು?

ಆದುದರಿಂದ ಮುಂಗಡಪತ್ರದ ಸುದ್ದಿ ಬಂದ ದಿನ ಕ್ರಿಕೆಟ್ಟಿನ ಪುಟಕ್ಕೆ ಮೊದಲು ಅದನ್ನು ಓದೋಣ. ಕಳೆದ ವರ್ಷ ನಮ್ಮ ಭಾಗದ ಕೆಲಸಕ್ಕೆ ಎಷ್ಟು ಇಟ್ಟಿದ್ದರು, ಪರಿಷ್ಕೃತ ಅಂದಾಜಿನಲ್ಲಿ ಎಷ್ಟು ಉಳಿಯಿತು ಎಂಬ ಎರಡು ಅಂಕೆಗಳನ್ನು ಬರೆದಿಟ್ಟುಕೊಳ್ಳೋಣ. ಆ ಚೀಟಿ ಹಿಡಿದು ವಾರ್ಡು ಕಚೇರಿಗೋ ನಗರಸೇವಕರ ಬಳಿಗೋ ನಾಲ್ಕು ಜನ ಒಟ್ಟಾಗಿ ಹೋಗಿ, “ಈ ಕೆಲಸ ಯಾರದು? ಹಣ ಯಾರದು? ಮುಗಿಯುವುದೆಂದು?” ಎಂದು ಕೇಳೋಣ. ಹೋಟೆಲಿನ ಗಲ್ಲೆಯಲ್ಲೂ ಕಚೇರಿಯ ಖಾತೆಯಲ್ಲೂ ದಿನವಿಡೀ ಪರರ ಲೆಕ್ಕ ನೋಡುವ ನಮಗೆ, ನಮ್ಮ ನಗರದ ಲೆಕ್ಕ ಕೇಳುವುದು ಕಷ್ಟವಾಗಲಾರದು.