ಗರ್ಭ ತಡೆಗೆ ಮಣಿಸರದ ಲೆಕ್ಕ

ಮುಟ್ಟಾದ ಎಷ್ಟನೇ ದಿನ ಸೇರಿದ್ರೆ ಗರ್ಭ ನಿಲ್ಲುತ್ತೆ, ಗೊತ್ತಾ?

ಅಂಡದ ಆಯಸ್ಸು ಒಂದೇ ದಿನ.
ಆದ್ರೆ ವೀರ್ಯಾಣು ಐದು ದಿನದವರೆಗೂ ಕಾಯುತ್ತೆ,
ಬಸ್ ಬರೋ ಮುಂಚೆನೇ ಸ್ಟ್ಯಾಂಡಿಗೆ ಬಂದು ಕೂತವರ ಥರ!

ಅದಕ್ಕೇ, ಗರ್ಭ ನಿಲ್ಲೋ ದಿನಗಳನ್ನ ಎಣಿಸೋಕೆ ಈ ಮಣಿಸರ.
ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಮಾಡಿದ್ದು.
ಒಟ್ಟು 32 ಮಣಿ.

ಮುಟ್ಟು ಶುರುವಾದ ದಿನ,
ಕೆಂಪು ಮಣಿಗೆ ರಬ್ಬರ್ ರಿಂಗ್.
ಆಮೇಲೆ ದಿನಕ್ಕೊಂದು ಮಣಿ ಮುಂದೆ.

8ರಿಂದ 19ನೇ ದಿನ, ಬಿಳಿ ಮಣಿ.
ಆಗ ಸೇರೋದು ಬೇಡ,
ಇಲ್ಲಾಂದ್ರೆ ಕಾಂಡೋಮ್ ಬೇಕೇ ಬೇಕು.
ಗಂಡಂದಿರೇ, ರಿಂಗ್ ನೀವೂ ಸರಿಸಬಹುದು ಕಣ್ರೀ!

ಋತುಚಕ್ರ 26ರಿಂದ 32 ದಿನದೊಳಗೆ ಇದ್ರೆ ಮಾತ್ರ ಈ ಲೆಕ್ಕ.
ಹೆಚ್ಚುಕಮ್ಮಿ ಆಗ್ತಿದ್ಯಾ?
ಬಾಣಂತಿನಾ?
ಹಾಗಾದ್ರೆ ಇದು ನಿಮಗಲ್ಲ.

ಚಾಚೂ ತಪ್ಪದೆ ಪಾಲಿಸಿದ್ರೂ,
ವರ್ಷಕ್ಕೆ 100ರಲ್ಲಿ ಸುಮಾರು 5 ಜನ ಗರ್ಭಿಣಿಯಾಗ್ತಾರೆ.
ಮಾಮೂಲಿ ಬಳಕೆಯಲ್ಲಿ 12.
ಲೈಂಗಿಕ ಸೋಂಕನ್ನಂತೂ ಇದು ತಡೆಯಲ್ಲ.